ಚಿತ್ ಆಗದ ಎದುರಾಳಿ: ಗರಡಿಯ ಕಲಿಕೆ, ಒಂದು ಸಾವು ಮತ್ತು ಆತ್ಮರಕ್ಷಣೆಯ ಕಾನೂನು

ಈ ಪ್ರಕರಣವನ್ನು ಯಾವ ನ್ಯಾಯಾಲಯದ ಕಡತದಿಂದಲೂ ಎತ್ತಿಕೊಂಡಿಲ್ಲ. ಮೈಸೂರಿನಲ್ಲಿ ಕಿರಿಯ ವಕೀಲರೊಂದಿಗೆ ಕುಳಿತು ಚರ್ಚಿಸಲೆಂದು ನಾನೇ ಕಟ್ಟಿದ ಸನ್ನಿವೇಶವಿದು. ಇದರಲ್ಲಿ ಬರುವ ಮನೆ, ಮನುಷ್ಯರು, ಗಂಟೆ, ನಿಮಿಷಗಳು ಕಲ್ಪಿತ. ಕಾನೂನಿನ ಕಲಮುಗಳು, ತೀರ್ಪುಗಳು ಮತ್ತು ಕುಸ್ತಿಯ ರೂಢಿಗಳು ಮಾತ್ರ ನಿಜ. ಪ್ರಾಣ ತೆಗೆಯುವ ಬಲಪ್ರಯೋಗದ ಬಗ್ಗೆ ಮಾತು ಬಂದಾಗಲೆಲ್ಲ ಬಂದೂಕು ಮತ್ತು ಪೊಲೀಸರ ಉದಾಹರಣೆಗಳೇ ಮುಂದೆ ಬರುತ್ತವೆ. ನಮ್ಮ ಊರಿನಲ್ಲಿ ತಲೆಮಾರುಗಳಿಂದ ಪಳಗಿದ ಮೈಗಳು ಇರುವುದು ಗರಡಿಮನೆಗಳಲ್ಲಿ. ಆದ್ದರಿಂದ ಆಯುಧವಿಲ್ಲದ, ಆದರೆ ತಾಲೀಮು ಮೈಗೂಡಿರುವ ಒಬ್ಬ ಮನುಷ್ಯನನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದ್ದೇನೆ.

ಸನ್ನಿವೇಶ

ಆರೋಪಿಗೆ 34 ವರ್ಷ. ಮೈಸೂರಿನ ಹಳೆಯ ಬಡಾವಣೆಯೊಂದರ ಹೆಂಚಿನ ಮನೆಯಲ್ಲಿ ತಾಯಿ, ಹೆಂಡತಿ ಮತ್ತು ಆರು ವರ್ಷದ ಮಗಳ ಜೊತೆ ವಾಸವಾಗಿದ್ದಾನೆ. ದೇವರಾಜ ಮಾರುಕಟ್ಟೆಗೆ ಬಾಳೆಎಲೆ, ತೆಂಗಿನಕಾಯಿ ಸಾಗಿಸುವ ಗೂಡ್ಸ್ ಆಟೋ ಅವನ ಜೀವನಾಧಾರ. ಹನ್ನೆರಡನೆಯ ವಯಸ್ಸಿಗೆ ಗರಡಿ ಸೇರಿ ಇಪ್ಪತ್ತಾರರವರೆಗೆ ಸಾಮು ಮಾಡಿದವನು. ದಸರಾ ಕುಸ್ತಿಗೆ ನಾಲ್ಕು ಸಲ ಜೋಡಿ ಕಟ್ಟಿಸಿಕೊಂಡವನು. ಮೊಣಕಾಲು ಕೈಕೊಟ್ಟ ಮೇಲೆ ಅಖಾಡ ಬಿಟ್ಟರೂ ಬಡಾವಣೆಯವರು ಅವನನ್ನು ಇಂದಿಗೂ ಕರೆಯುವುದು ಪೈಲ್ವಾನ ಎಂದೇ. ತೂಕ 92 ಕೆ.ಜಿ.

ಒಂದು ರಾತ್ರಿ ಎರಡೂವರೆಯ ಸುಮಾರಿಗೆ ಹಿತ್ತಲ ಬಾಗಿಲಿನ ಚಿಲಕವನ್ನು ಸಲಾಕೆಯಿಂದ ಮೀಟಿ ಒಬ್ಬ ಒಳಗೆ ಬರುತ್ತಾನೆ. ಅವನಿಗೆ 23 ವರ್ಷ, ತೂಕ 58 ಕೆ.ಜಿ. ಅಡುಗೆಮನೆಯ ಪಕ್ಕದಲ್ಲಿ ಮಲಗಿದ್ದ ತಾಯಿ ಎಚ್ಚರಗೊಂಡು ಕೂಗುತ್ತಾಳೆ. ಮಗ ಎದ್ದು ಬರುವಷ್ಟರಲ್ಲಿ ಸಲಾಕೆ ಹಿಡಿದ ಆ ವ್ಯಕ್ತಿ ತಾಯಿಯ ಹಾಸಿಗೆಗೂ ಹಿತ್ತಲ ಬಾಗಿಲಿಗೂ ನಡುವೆ ನಿಂತಿರುತ್ತಾನೆ. ದೇವರ ಗೂಡಿನ ಸಣ್ಣ ಬಲ್ಬಿನ ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ಸಲಾಕೆ ಒಮ್ಮೆ ಬೀಸಿ ಬರುತ್ತದೆ, ಪೈಲ್ವಾನನ ಎಡ ಭುಜಕ್ಕೆ ತಗಲುತ್ತದೆ. ಅವನು ತಗ್ಗಿ, ಎರಡೂ ಕಾಲುಗಳನ್ನು ಬಾಚಿ, ಎದುರಾಳಿಯನ್ನು ನೆಲಕ್ಕೆ ಕೆಡವುತ್ತಾನೆ. ಸಲಾಕೆ ಕೈಜಾರಿ ಮಂಚದ ಕೆಳಗೆ ಉರುಳುತ್ತದೆ. ಬಿದ್ದವನು ಹೊಟ್ಟೆಯ ಮೇಲೆ ಹೊರಳುತ್ತಾನೆ. ಪೈಲ್ವಾನ ಅವನ ಬೆನ್ನೇರಿ, ಬಲಗೈಯನ್ನು ಗಲ್ಲದ ಕೆಳಗಿಂದ ತೂರಿಸಿ, ಎದೆಯ ಭಾರವನ್ನೆಲ್ಲ ಅವನ ಬೆನ್ನಿಗೆ ಹಾಕಿ ಹಿಡಿಯುತ್ತಾನೆ.

ಇಲ್ಲಿಂದ ಮುಂದಿನದಕ್ಕೆ ಒಂದು ಅಪರೂಪದ ಸಾಕ್ಷ್ಯವಿದೆ. ಹೆಂಡತಿ 112ಕ್ಕೆ ಕರೆ ಮಾಡಿ, ಫೋನನ್ನು ಕಟ್ ಮಾಡದೆ ಕೈಯಲ್ಲೇ ಹಿಡಿದು ನಿಂತಿದ್ದಳು. ಕರೆಯ ಧ್ವನಿಮುದ್ರಿಕೆ ಒಟ್ಟು 3 ನಿಮಿಷ 40 ಸೆಕೆಂಡಿನದು. ಕರೆ ಸೇರುವ ಹೊತ್ತಿಗಾಗಲೇ ಹಿಡಿತ ಬಿಗಿದಿತ್ತು. 1 ನಿಮಿಷ 5 ಸೆಕೆಂಡಿಗೆ, ತೀರಾ ಕ್ಷೀಣವಾಗಿ, "ಬಿಡಣ್ಣ" ಎಂಬಂಥ ಸದ್ದು ಕೇಳುತ್ತದೆ. 1 ನಿಮಿಷ 50 ಸೆಕೆಂಡಿಗೆ, ಓಡಿ ಬಂದ ಪಕ್ಕದ ಮನೆಯ ಹಿರಿಯರ ದನಿ: "ಬಿಡಪ್ಪಾ ಸಾಕು, ಪೊಲೀಸ್ನೋರು ಬತ್ತಾವ್ರೆ." ಅದಕ್ಕೆ ಏದುಸಿರಿನಲ್ಲೇ ಪೈಲ್ವಾನನ ಉತ್ತರ: "ಬಿಟ್ರೆ ಎದ್ಬುಡ್ತಾನೆ ಕಣಣ್ಣ, ಇನ್ನೂ ಒದ್ದಾಡ್ತಾವ್ನೆ." 2 ನಿಮಿಷ 38 ಸೆಕೆಂಡಿಗೆ ಹೆಂಡತಿಯ ದನಿ: "ರೀ, ಅವ್ನು ಅಲ್ಲಾಡ್ತಿಲ್ಲ ಕಣ್ರೀ." ಆಮೇಲೆ ಏನಾಯಿತು ಎಂಬುದನ್ನು ನೆರೆಯವರೇ ಹೇಳಬೇಕು. ಪೈಲ್ವಾನ ಕೂಡಲೇ ಕೈ ಸಡಿಲಿಸಿ, ಬಿದ್ದಿದ್ದವನನ್ನು ಮಗುಚಿ ಅಂಗಾತ ಮಲಗಿಸಿ, ಎದ್ದು ಗೋಡೆಗೆ ಒರಗಿ ನಿಂತ. ಆಸ್ಪತ್ರೆಗೆ ಸೇರುವಷ್ಟರಲ್ಲಿ ಒಳನುಗ್ಗಿದವನ ಪ್ರಾಣ ಹೋಗಿತ್ತು.

ಶವಪರೀಕ್ಷೆಯಲ್ಲಿ ಕಣ್ಣಿನ ಒಳಪದರದ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು, ಬೆನ್ನಿನ ಮೇಲ್ಭಾಗದಲ್ಲಿ ಅಗಲವಾದ ಕಂದು, ಕತ್ತಿನ ಬಲಗಡೆ ತೆಳುವಾದ ಕಂದು ಕಾಣುತ್ತವೆ. ಕತ್ತಿನ ಹಯಾಯ್ಡ್ ಮೂಳೆ ಮುರಿದಿಲ್ಲ. ಎದೆ ಮತ್ತು ಕತ್ತು ಎರಡರ ಮೇಲೂ ಬಿದ್ದ ಒತ್ತಡದಿಂದ ಉಸಿರುಗಟ್ಟಿ ಸಾವು ಸಂಭವಿಸಿದೆ ಎಂಬುದು ವೈದ್ಯರ ಅಭಿಪ್ರಾಯ.

ಕಾಗದದ ಮೇಲೆ ಬಂದ ಮೊದಲ ವಾಕ್ಯ

ಪ್ರಥಮ ವರ್ತಮಾನ ವರದಿ ಹೀಗೆ ಶುರುವಾಗುತ್ತದೆ: "ಕುಸ್ತಿ ಪಟುವಾದ ಆರೋಪಿಯು ಮೃತನ ಕತ್ತು ಹಿಸುಕಿ ಕೊಲೆ ಮಾಡಿರುತ್ತಾನೆ." ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಡಿ, ಅಂದರೆ ಕೊಲೆಯ ಕಲಮಿನಡಿ, ಪ್ರಕರಣ ದಾಖಲಾಗುತ್ತದೆ. ಆಪಾದನೆಗಿಂತ ಮುಂಚೆಯೇ "ಕುಸ್ತಿ ಪಟು" ಎಂಬ ವಿಶೇಷಣ ಬಂದು ಕುಳಿತಿರುವುದನ್ನು ಗಮನಿಸಬೇಕು. ಅದೇ ಜಾಗದಲ್ಲಿ ಆಟೋ ಚಾಲಕ ಎಂದು ಬರೆದಿದ್ದರೂ ಸುಳ್ಳಾಗುತ್ತಿರಲಿಲ್ಲ. ಗಾಯಗೊಂಡ ಮನೆಯ ಯಜಮಾನ ಎಂದು ಬರೆದಿದ್ದರೂ ಸುಳ್ಳಾಗುತ್ತಿರಲಿಲ್ಲ. ತನಿಖಾಧಿಕಾರಿಗೆ ದುರುದ್ದೇಶವಿತ್ತು ಎಂದು ನಾನು ಹೇಳುತ್ತಿಲ್ಲ. ಪೈಲ್ವಾನ ಎಂದು ಇಡೀ ಬಡಾವಣೆಯೇ ಕರೆಯುವವನನ್ನು ಅವರೂ ಹಾಗೆಯೇ ಕಂಡರು. ಆದರೆ ತರಬೇತಿ ಪ್ರಕರಣದೊಳಕ್ಕೆ ಯಾವ ಬಾಗಿಲಿನಿಂದ ಬಂತು ಎಂಬುದು ಆ ಒಂದು ಪದದಿಂದಲೇ ಅರ್ಧ ತೀರ್ಮಾನವಾಗಿಬಿಟ್ಟಿತು.

ಏಕೆಂದರೆ ಅದಕ್ಕೆ ಎರಡು ಬಾಗಿಲುಗಳಿವೆ. ಆರೋಪಿ ಆ ಕ್ಷಣದಲ್ಲಿ ಏನನ್ನು ಕಂಡ, ಕಂಡದ್ದನ್ನು ಹೇಗೆ ಅರ್ಥ ಮಾಡಿಕೊಂಡ ಎಂಬುದನ್ನು ತರಬೇತಿ ವಿವರಿಸಬಹುದು. ಅಷ್ಟು ಕಲಿತವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಬೇಕಿತ್ತು ಎಂಬ ತಗಾದೆಯಾಗಿಯೂ ಅದು ಬರಬಹುದು. ಒಂದು ಬಾಗಿಲಿನಿಂದ ಬಂದರೆ ಆರೋಪಿಯ ಪರ, ಇನ್ನೊಂದರಿಂದ ಬಂದರೆ ಅವನ ವಿರುದ್ಧ. ಪ್ರಾಸಿಕ್ಯೂಷನ್ ಮತ್ತು ಪ್ರತಿವಾದದ ವಕೀಲರಿಬ್ಬರೂ ಅದೇ ಹದಿನಾಲ್ಕು ವರ್ಷಗಳ ತಾಲೀಮನ್ನು ತಂತಮ್ಮ ಕಡೆಗೆ ಎಳೆದುಕೊಳ್ಳುವುದೇ ಈ ಪ್ರಕರಣದ ತಿರುಳು.

ಕಾನೂನು ಕೊಡುವ ಹಕ್ಕು, ಹಾಕುವ ಎಲ್ಲೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಖಾಸಗಿ ರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಹಳೆಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳೇ ಹೆಚ್ಚುಕಡಿಮೆ ಹಾಗೆಯೇ ಇಲ್ಲಿಗೆ ಬಂದಿವೆ. ಸಾವು ಅಥವಾ ತೀವ್ರ ಗಾಯದ ಸಕಾರಣ ಭಯವಿದ್ದಾಗ ಹಲ್ಲೆಕೋರನ ಪ್ರಾಣ ತೆಗೆಯುವಷ್ಟರ ಮಟ್ಟಿಗೂ ಹಕ್ಕು ವಿಸ್ತರಿಸುತ್ತದೆ ಎನ್ನುತ್ತದೆ 38ನೇ ಕಲಂ. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಮನೆಗೆ ಕನ್ನ ಹಾಕಿದವನ ಮಟ್ಟಿಗೂ ಹಾಗೆಯೇ ಎನ್ನುತ್ತದೆ 41ನೇ ಕಲಂ. ಬರಿಯ ಕಳ್ಳತನಕ್ಕೆ ಈ ಹಕ್ಕಿಲ್ಲ. ರಾತ್ರಿ ಚಿಲಕ ಮುರಿದು ಒಳಬಂದವನ ವಿಷಯದಲ್ಲಿ ಇದೆ. ಹೀಗಾಗಿ ಕೆಡವಿದ್ದು, ಹಿಡಿದದ್ದು, ಮೊದಲ ಒಂದೂವರೆ ನಿಮಿಷ ಬಿಗಿಯಾಗಿಯೇ ಹಿಡಿದದ್ದು ಇವುಗಳ ಬಗ್ಗೆ ಹೆಚ್ಚಿನ ಚರ್ಚೆ ಅನಗತ್ಯ. ಆ ಹೊತ್ತಿನಲ್ಲೇ ಸಾವು ಸಂಭವಿಸಿದ್ದರೂ ಖುಲಾಸೆಯ ವಾದ ಬಲವಾಗಿಯೇ ಇರುತ್ತಿತ್ತು.

ತೊಡಕು ಶುರುವಾಗುವುದು ನಂತರ. ರಾತ್ರಿ ಕನ್ನದ ವಿರುದ್ಧದ ಹಕ್ಕು ಎಲ್ಲಿಯವರೆಗೆ ಇರುತ್ತದೆ ಎಂಬುದಕ್ಕೆ 43ನೇ ಕಲಂ ಕೊಡುವ ಉತ್ತರ, ಆ ಕನ್ನದಿಂದ ಆರಂಭವಾದ ಅತಿಕ್ರಮ ಪ್ರವೇಶ ಮುಂದುವರಿಯುವವರೆಗೆ ಎಂದು. ಪ್ರತಿವಾದದ ವಕೀಲರು ಈ ಅಕ್ಷರವನ್ನೇ ಹಿಡಿಯುತ್ತಾರೆ: ನೆಲಕ್ಕೆ ಒತ್ತಿ ಹಿಡಿದಿದ್ದರೂ ಅವನು ಇನ್ನೂ ಮನೆಯೊಳಗೇ ಇದ್ದ, ಆದ್ದರಿಂದ ಹಕ್ಕೂ ಇತ್ತು. ಇದಕ್ಕೆ ಪ್ರಾಸಿಕ್ಯೂಷನ್ 37ನೇ ಕಲಮನ್ನು ಎದುರಿಡುತ್ತದೆ. ರಕ್ಷಣೆಗೆ ಎಷ್ಟು ಹಾನಿ ಅಗತ್ಯವೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾವ ಸಂದರ್ಭದಲ್ಲೂ ಇಲ್ಲ. ನನ್ನ ಮಟ್ಟಿಗೆ 43ನೇ ಕಲಂ ಹೇಳುವುದು ಹಕ್ಕಿನ ಅವಧಿಯನ್ನು. 37ನೇ ಕಲಂ ಹೇಳುವುದು ಅದರ ಅಳತೆಯನ್ನು. ಅವಧಿ ಮುಗಿಯದಿದ್ದರೂ ಅಳತೆ ಮೀರಬಹುದು.

ಸಾಮಾನ್ಯವಾಗಿ ಯಾರೂ ಎತ್ತದ ಇನ್ನೊಂದು ಮಾತೂ ಇದೆ. ಬಂಧನ, ತನಿಖೆ, ವಿಚಾರಣೆಯ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ, ತನ್ನ ಕಣ್ಣೆದುರಿಗೇ ಜಾಮೀನುರಹಿತ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಮಾಡಿದವನನ್ನು ಸಾಮಾನ್ಯ ಪ್ರಜೆಯೂ ಹಿಡಿದು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬಹುದು. ಸಲಾಕೆ ಮಂಚದಡಿಗೆ ಹೋದ ಮೇಲೆ ಪೈಲ್ವಾನ ಮಾಡುತ್ತಿದ್ದದ್ದು ಹೊಡೆದಾಟವಲ್ಲ, ಪೊಲೀಸರು ಬರುವವರೆಗೆ ಕಳ್ಳನನ್ನು ಹಿಡಿದಿಟ್ಟುಕೊಳ್ಳುವ ಕೆಲಸ. ಅದೂ ಕಾನೂನುಬದ್ಧವೇ. ಆದರೆ ಹಿಡಿದವನನ್ನು ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟು ಮಾತ್ರ ನಿರ್ಬಂಧಿಸಬೇಕೆಂಬುದು ಅದೇ ಸಂಹಿತೆಯ ನಿಯಮ.

ಗರಡಿ ಏನನ್ನು ಕಲಿಸುತ್ತದೆ

ಈ ಪ್ರಕರಣದ ಬಗ್ಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ತರಬೇತಿ ಎಂದರೆ ಹೊಡೆಯುವುದನ್ನೋ ಹಿಡಿಯುವುದನ್ನೋ ಕಲಿಸುವುದು ಎಂದೇ ನಾವು ಭಾವಿಸುತ್ತೇವೆ. ಅದರ ಜೊತೆಗೆ ಪ್ರತಿಯೊಂದು ತರಬೇತಿಯೂ ಇನ್ನೊಂದನ್ನು ಸದ್ದಿಲ್ಲದೆ ಕಲಿಸಿರುತ್ತದೆ: ಕಾಳಗ ಮುಗಿಯಿತು ಎನ್ನುವುದಕ್ಕೆ ಗುರುತು ಯಾವುದು ಎಂಬುದನ್ನು.

ಮೈಸೂರಿನವರಿಗೆ ಇದಕ್ಕೆ ಒಳ್ಳೆಯ ಉದಾಹರಣೆ ಅರಮನೆಯ ಅಂಗಳದಲ್ಲೇ ಇದೆ. ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯೊಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ನೋಡಲು ಭೀಕರವಾದರೂ ಅದರ ಮುಕ್ತಾಯದ ಗುರುತು ಸ್ಪಷ್ಟ: ಗಾಯ ಕಂಡರೆ ಸಾಕು, ಕೈ ನಿಲ್ಲಬೇಕು. ನಾಡಕುಸ್ತಿಯಲ್ಲಿ ಹಾಗಲ್ಲ. ಅಲ್ಲಿ ಗೆಲುವು ಎಂದರೆ ಎದುರಾಳಿಯನ್ನು ಚಿತ್ ಮಾಡುವುದು, ಅವನ ಬೆನ್ನು ಮಣ್ಣಿಗೆ ತಾಗಿಸುವುದು. ಬೋರಲು ಬಿದ್ದವನು ಸೋತವನಲ್ಲ. ಸೋಲಬಾರದೆಂದೇ ಅವನು ಬೋರಲಾಗಿರುತ್ತಾನೆ. ಹೊಟ್ಟೆಯನ್ನು ಅಖಾಡದ ಮಣ್ಣಿಗೆ, ಅಂದರೆ ಮಟ್ಟಿಗೆ, ಅಂಟಿಸಿ, ತೋಳು ಚಾಚಿ, ಮಗುಚಲು ಬಿಡದೆ ಕೂತುಬಿಡುತ್ತಾನೆ. ಮೇಲಿರುವವನು ಅವನ ಬೆನ್ನ ಮೇಲೆ ಭಾರ ಹಾಕಿ, ದಣಿಸಿ, ಸಮಯ ನೋಡಿ ಮಗುಚಬೇಕು. ಕೆಳಗಿನವನು ಕೊಸರಿದಷ್ಟೂ ಮೇಲಿನವನು ಇನ್ನಷ್ಟು ಒತ್ತಬೇಕು. ಹದಿನಾಲ್ಕು ವರ್ಷ ಬೆಳಗು ಸಂಜೆ ಇದನ್ನೇ ಮಾಡಿದವನ ಮೈಗೆ, ಬೋರಲು ಬಿದ್ದು ಕೊಸರುತ್ತಿರುವ ಮನುಷ್ಯ ಎಂದರೆ ಕಾಳಗ ಇನ್ನೂ ಮುಗಿದಿಲ್ಲ ಎಂದೇ ಅರ್ಥ.

ಈಗ ವೈದ್ಯರ ಅಭಿಪ್ರಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದಾಗ ಎದೆಗೂಡು ಹಿಗ್ಗಲಾರದು, ಉಸಿರಾಟದ ಸ್ನಾಯುವಾದ ವಪೆ ಸರಿಯಾಗಿ ಇಳಿಯಲಾರದು. ಉಸಿರು ಸಿಗದವನು ಉಸಿರಿಗಾಗಿಯೇ ಕೊಸರುತ್ತಾನೆ, ತಲೆ ಎತ್ತಲು ನೋಡುತ್ತಾನೆ, ಕೈ ಊರಿ ಏಳಲು ನೋಡುತ್ತಾನೆ. ಕತ್ತಿನ ವಿಷಯವೂ ಅಷ್ಟೇ. ಕತ್ತಿನ ಬದಿಯ ದೊಡ್ಡ ಧಮನಿಗಳನ್ನು ಮುಚ್ಚಲು 4–5 ಕೆ.ಜಿ.ಯಷ್ಟು ಒತ್ತಡ ಸಾಕೆಂದೂ, ಶ್ವಾಸನಾಳವನ್ನು ಮುಚ್ಚಲು ಸುಮಾರು 15 ಕೆ.ಜಿ. ಬೇಕೆಂದೂ ನ್ಯಾಯವೈದ್ಯಶಾಸ್ತ್ರ ಹೇಳುತ್ತದೆ. ಎರಡೂ ಧಮನಿಗಳು ಪೂರ್ತಿ ಮುಚ್ಚಿದರೆ ಹತ್ತು ಹದಿನೈದು ಸೆಕೆಂಡಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಇಲ್ಲಿ ಕರೆಯ 1 ನಿಮಿಷ 50ನೇ ಸೆಕೆಂಡಿನಲ್ಲೂ ಕೊಸರಾಟ ನಡೆದೇ ಇತ್ತು. ಆದ್ದರಿಂದ ಕತ್ತಿನ ಹಿಡಿತ ಪೂರ್ತಿ ಬಿಗಿಯಾಗಿರಲಿಲ್ಲ, ಸಾವಿಗೆ ಬೆನ್ನ ಮೇಲಿನ ಭಾರವೇ ಹೆಚ್ಚು ಕಾರಣ ಎಂಬ ಪ್ರತಿವಾದದ ಮಾತಿನಲ್ಲಿ ಹುರುಳಿದೆ. ಹಯಾಯ್ಡ್ ಮೂಳೆ ಮುರಿಯದಿರುವುದರಿಂದ ಮಾತ್ರ ಹೆಚ್ಚೇನೂ ಸಾಬೀತಾಗುವುದಿಲ್ಲ; ಎಳೆಯ ವಯಸ್ಸಿನಲ್ಲಿ ಅದು ಸುಲಭವಾಗಿ ಮುರಿಯುವ ಮೂಳೆಯಲ್ಲ.

ಒಟ್ಟಿನಲ್ಲಿ, ಕೆಳಗಿದ್ದವನು ಉಸಿರಿಗಾಗಿ ಒದ್ದಾಡುತ್ತಿದ್ದ. ಮೇಲಿದ್ದವನು ಅದನ್ನು ಪಟ್ಟು ಬಿಡಿಸಿಕೊಳ್ಳುವ ಪ್ರಯತ್ನವೆಂದು ಓದಿಕೊಂಡ. "ಇನ್ನೂ ಒದ್ದಾಡ್ತಾವ್ನೆ" ಎಂಬ ಒಂದೇ ಮಾತು ಎರಡಕ್ಕೂ ಸಾಕ್ಷಿ.

ಮನಃಸ್ಥಿತಿಗೆ ನ್ಯಾಯಾಲಯಗಳು ಕೊಟ್ಟ ತೂಕ

ಆರೋಪಿಯ ತಲೆಯೊಳಗಿನ ನಂಬಿಕೆಗೆ ನಮ್ಮ ಕಾನೂನಿನಲ್ಲಿ ಜಾಗವಿಲ್ಲ ಎಂದು ಕಿರಿಯ ವಕೀಲರು ಕೆಲವೊಮ್ಮೆ ತಿಳಿದಿರುತ್ತಾರೆ. ಅದು ಸರಿಯಲ್ಲ. ಒರಿಸ್ಸಾದ ರಾಮ್ ಬಹಾದ್ದೂರ್ ಥಾಪಾ ಪ್ರಕರಣ ಇದಕ್ಕೆ ಕೊನೆಯ ಅಂಚಿನ ಉದಾಹರಣೆ. ರಸಗೋವಿಂದಪುರದ ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ ರಾತ್ರಿ ಮಿಣುಕುವ ದೀಪ, ಅದರ ಸುತ್ತ ಓಡಾಡುವ ಆಕೃತಿಗಳನ್ನು ಕಂಡು ದೆವ್ವಗಳೆಂದು ನಂಬಿದ ನೇಪಾಳಿ ಸೇವಕನೊಬ್ಬ ಖುಕ್ರಿಯಿಂದ ಬೀಸಿದ. ಅವರು ಇಪ್ಪೆಹೂ ಆರಿಸುತ್ತಿದ್ದ ಆದಿವಾಸಿ ಹೆಂಗಸರು, ಒಬ್ಬಾಕೆ ಸತ್ತಳು. ಅವನು ಸದ್ಭಾವನೆಯಿಂದ ಸಂಗತಿಯನ್ನು ತಪ್ಪಾಗಿ ತಿಳಿದಿದ್ದನೆಂದು ಅಂದಿನ 79ನೇ ಕಲಮಿನಡಿ ಅವನ ಖುಲಾಸೆಯನ್ನು ಹೈಕೋರ್ಟ್ ಎತ್ತಿಹಿಡಿಯಿತು. ಇಂದು ಅದು ನ್ಯಾಯ ಸಂಹಿತೆಯ 17ನೇ ಕಲಂ. ದೆವ್ವದ ನಂಬಿಕೆಗೆ ಸಿಕ್ಕ ಮನ್ನಣೆ, ಬೋರಲು ಬಿದ್ದವನು ಇನ್ನೂ ಸೋತಿಲ್ಲ ಎಂಬ ನಂಬಿಕೆಗೆ ಸಿಗಬಾರದೇಕೆ ಎಂದು ಪೈಲ್ವಾನನ ವಕೀಲರು ಕೇಳಿದರೆ ಅದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ.

ಸುಪ್ರೀಂ ಕೋರ್ಟ್ ಕೂಡ ಮೊದಲಿನಿಂದಲೂ ಆರೋಪಿಯ ಜಾಗದಲ್ಲಿ ನಿಂತು ನೋಡಬೇಕೆಂದೇ ಹೇಳಿದೆ. 1952ರಲ್ಲಿ ವರದಿಯಾದ ಅಮ್ಜದ್ ಖಾನ್ ಪ್ರಕರಣದಲ್ಲಿ, ಕಟ್ನಿಯ ಗಲಭೆಯಲ್ಲಿ ಗುಂಪು ತನ್ನ ಬಾಗಿಲನ್ನು ಬಡಿಯುತ್ತಿದ್ದಾಗ ಗುಂಡು ಹಾರಿಸಿದವನನ್ನು ಬಿಡುಗಡೆ ಮಾಡುತ್ತಾ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು, ಇಂಥವನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಲಾಗದು ಎಂಬರ್ಥದ ಮಾತು ಬರೆದರು. 2010ರ ದರ್ಶನ್ ಸಿಂಗ್ ತೀರ್ಪು ಅದೇ ಜಾಡಿನಲ್ಲಿ ಮುಂದುವರಿದು, ಅಪಾಯದಲ್ಲಿರುವವನು ಲೆಕ್ಕದಷ್ಟು ನಿಖರವಾಗಿ ಹಂತ ಹಂತವಾಗಿ ತನ್ನ ಬಲವನ್ನು ಹೊಂದಿಸಿಕೊಳ್ಳಬೇಕೆಂದು ನಿರೀಕ್ಷಿಸಬಾರದು ಎಂದಿತು. ಆರೋಪಿ ಆತ್ಮರಕ್ಷಣೆಯ ವಾದ ಎತ್ತದಿದ್ದರೂ ದಾಖಲೆಯಲ್ಲಿರುವ ಸಾಕ್ಷ್ಯದಿಂದ ಅದು ಕಂಡುಬಂದರೆ ನ್ಯಾಯಾಲಯ ಪರಿಗಣಿಸಬಹುದು ಎಂಬುದು 1968ರಲ್ಲಿ ವರದಿಯಾದ ಮುನ್ಶಿ ರಾಮ್ ತೀರ್ಪಿನ ಕಾಲದಿಂದಲೇ ನೆಲೆನಿಂತ ಮಾತು. ಸಾಬೀತುಪಡಿಸುವ ಹೊಣೆ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಡಿ ಆರೋಪಿಯ ಮೇಲಿದ್ದರೂ, ಸಂಭವನೀಯತೆಯ ತೂಕ ತನ್ನ ಕಡೆಗಿದೆ ಎಂದು ತೋರಿಸಿದರೆ ಸಾಕು.

ಇಷ್ಟೆಲ್ಲ ಇದ್ದೂ ಒಂದು ಪದ ಅಡ್ಡಬರುತ್ತದೆ. ಅದು ಸದ್ಭಾವನೆ. ಸಂಹಿತೆಯ ವ್ಯಾಖ್ಯೆಯ ಪ್ರಕಾರ ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ್ದು, ನಂಬಿದ್ದು ಯಾವುದೂ ಸದ್ಭಾವನೆಯಲ್ಲ. ತಕ್ಕ ಎಚ್ಚರ ಎಂದರೆ ಯಾರಿಗೆ ತಕ್ಕದ್ದು? ತರಬೇತಿ ಎರಡನೆಯ ಬಾಗಿಲಿನಿಂದ ಒಳಬರುವುದು ಇಲ್ಲಿ. ಮೈಯ ಮೇಲೆ ಭಾರ ಬಿದ್ದರೆ ಉಸಿರು ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ ನಮಗಿಂತ, ನೂರಾರು ಸಲ ಆ ಭಾರದಡಿ ಸಿಕ್ಕಿದ್ದ ಪೈಲ್ವಾನನೇ ಚೆನ್ನಾಗಿ ಬಲ್ಲ. ಪ್ರಾಸಿಕ್ಯೂಷನ್ನಿನ ಅತ್ಯಂತ ಗಟ್ಟಿಯಾದ ವಾದವಿದು. ಅದನ್ನು "ಕುಸ್ತಿ ಪಟು" ಎಂಬ ಒರಟು ವಿಶೇಷಣದೊಳಗೆ ಹೂತುಹಾಕಿದ್ದು ಅವರದೇ ತಪ್ಪು.

ತರಬೇತಿಯನ್ನು ಹೀಗೆ ಆರೋಪಿಯ ವಿರುದ್ಧ ಬಳಸಿದ ಪ್ರಖ್ಯಾತ ಉದಾಹರಣೆ ಅಮೆರಿಕದ್ದು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮೊಣಕಾಲೂರಿದ್ದ ಪೊಲೀಸ್ ಅಧಿಕಾರಿಯ ವಿಚಾರಣೆಯಲ್ಲಿ, ಅವನ ಇಲಾಖೆಯ ಮುಖ್ಯಸ್ಥರೇ ಬಂದು ಇದು ನಾವು ಕಲಿಸಿದ್ದಲ್ಲ ಎಂದು ಸಾಕ್ಷಿ ಹೇಳಿದರು. ಆದರೆ ಅಲ್ಲಿ ಕೈಪಿಡಿಗಳಿದ್ದವು, ತರಗತಿಯ ದಾಖಲೆಗಳಿದ್ದವು. ಗರಡಿಯಲ್ಲಿ ಇರುವುದು ಕುಸ್ತಿ ಕಲಿಸುವ ಉಸ್ತಾದರ ಬಾಯಿಮಾತು ಮಾತ್ರ.

ಉಸ್ತಾದರ ಸಾಕ್ಷ್ಯ

ಪ್ರತಿವಾದದ ಕಡೆಯಿಂದ ಉಸ್ತಾದರನ್ನು ಕರೆಸಬೇಕೇ ಎಂಬುದು ನಮ್ಮ ಚರ್ಚೆಯಲ್ಲಿ ಹೆಚ್ಚು ಹೊತ್ತು ತಿಂದ ಪ್ರಶ್ನೆ. ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಂ ವಿದೇಶಿ ಕಾನೂನು, ವಿಜ್ಞಾನ, ಕಲೆ, ಕೈಬರಹ, ಬೆರಳಚ್ಚು ಎಂದು ತಜ್ಞರ ವ್ಯಾಪ್ತಿಯನ್ನು ಹೆಸರಿಸುತ್ತಿತ್ತು. ಹೊಸ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಅದಕ್ಕೆ "ಬೇರೆ ಯಾವುದೇ ಕ್ಷೇತ್ರ" ಎಂಬುದನ್ನೂ ಸೇರಿಸಿದೆ. ಐವತ್ತು ವರ್ಷ ಹುಡುಗರನ್ನು ತಯಾರು ಮಾಡಿದ ಉಸ್ತಾದರನ್ನು ಕುಸ್ತಿಯ ತಜ್ಞರೆಂದು ಕರೆಸಲು ಈಗ ದಾರಿ ಸುಗಮ.

ಮುಖ್ಯ ವಿಚಾರಣೆಯಲ್ಲಿ ಅವರು ಏನು ಹೇಳಬಲ್ಲರು ಎಂಬುದು ಗೊತ್ತೇ ಇದೆ: ಬೋರಲು ಬಿದ್ದವನನ್ನು ಬಿಡಬಾರದೆಂದೇ ಕಲಿಸುತ್ತೇವೆ, ಅದು ಹುಡುಗನ ರಕ್ತದಲ್ಲಿ ಸೇರಿಹೋಗಿರುತ್ತದೆ. ಅಪಾಯವಿರುವುದು ಪಾಟೀಸವಾಲಿನಲ್ಲಿ. ಕತ್ತು ಹಿಸುಕುವುದನ್ನು ಕಲಿಸುತ್ತೀರಾ ಎಂದು ಸರ್ಕಾರಿ ಅಭಿಯೋಜಕರು ಕೇಳಿಯೇ ಕೇಳುತ್ತಾರೆ. ಮ್ಯಾಟ್ ಮೇಲಿನ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಕತ್ತು ಹಿಸುಕುವುದು ನಿಷಿದ್ಧ. ಮಟ್ಟಿಯ ಮೇಲೂ ಯಾವ ಉಸ್ತಾದರೂ ಅದನ್ನು ಪಟ್ಟು ಎಂದು ಕರೆಯುವುದಿಲ್ಲ. ಕೆಳಗಿನವನ ಉಸಿರು ಕಟ್ಟಿದಂತೆ ಕಂಡರೆ ಏನು ಮಾಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಬಿಡಿಸುತ್ತೇವೆ ಸ್ವಾಮಿ ಎಂದೇ ಅವರು ಹೇಳಬೇಕಾಗುತ್ತದೆ, ಏಕೆಂದರೆ ಅದೇ ನಿಜ. ಅಖಾಡದಲ್ಲಿ ಕುಸ್ತಿ ಬಿಡಿಸುವವರು ಇರುತ್ತಾರೆ. ನಿಲ್ಲಿಸುವ ಹೊಣೆಯನ್ನು ಅವರಿಗೆ ಒಪ್ಪಿಸಿಯೇ ಪೈಲ್ವಾನರು ಮಟ್ಟಿಗೆ ಇಳಿಯುತ್ತಾರೆ. ಆ ರಾತ್ರಿ ಮನೆಯಲ್ಲಿ ಅಂಥ ಯಾರೂ ಇರಲಿಲ್ಲ, 1 ನಿಮಿಷ 50ನೇ ಸೆಕೆಂಡಿನವರೆಗೆ.

ಈ ಕೊನೆಯ ಅಂಶ ಹೊಳೆದಾಗ ನನ್ನ ಅಭಿಪ್ರಾಯವೇ ಬದಲಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ನಾನು ಪೂರ್ಣ ಖುಲಾಸೆಯ ಪರವಾಗಿದ್ದೆ. "ಬಿಡಪ್ಪಾ ಸಾಕು" ಎಂದು ಹಿರಿಯರು ಹೇಳಿದ್ದು, ಅವನ ಕಲಿಕೆಯೇ ಒಪ್ಪುವ ಬಗೆಯಲ್ಲಿ ಕುಸ್ತಿ ಬಿಡಿಸಿದಂತೆ. ಅದನ್ನು ಅವನು ಕೇಳಿಸಿಕೊಂಡ ಎಂಬುದಕ್ಕೆ ಅವನ ಉತ್ತರವೇ ಪುರಾವೆ. ಅಷ್ಟು ಹೊತ್ತಿಗೆ ಸಲಾಕೆ ಕೈಗೆಟುಕುವಂತಿರಲಿಲ್ಲ, ಮನೆಯಲ್ಲಿ ಇನ್ನೊಬ್ಬ ಗಂಡಸಿದ್ದ, ಪೊಲೀಸರು ಹೊರಟಿದ್ದರು. ಅಲ್ಲಿಂದ ಹೆಂಡತಿಯ ಮಾತಿನವರೆಗೆ 48 ಸೆಕೆಂಡು. ಆಗ ಹಿಡಿತವನ್ನು ಪೂರ್ತಿ ಬಿಡಬೇಕೆಂದೇನೂ ಇರಲಿಲ್ಲ. ಬೆನ್ನ ಮೇಲಿನ ಭಾರ ಇಳಿಸಿ ಕೈ ಹಿಂದಕ್ಕೆ ಕಟ್ಟಿ ಹಿಡಿದಿದ್ದರೂ ಸಾಕಿತ್ತು.

ಪ್ರತಿವಾದದ ಉತ್ತರವೂ ಸಣ್ಣದಲ್ಲ. ಆ 48 ಸೆಕೆಂಡುಗಳನ್ನು ನಾವು ಧ್ವನಿಮುದ್ರಿಕೆಯನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ ಎಣಿಸಿದ್ದೇವೆ. ಅವನು ಅವುಗಳನ್ನು ಒಂದೇ ಸಲ, ಭುಜಕ್ಕೆ ಸಲಾಕೆಯ ಏಟು ತಿಂದು, ಕತ್ತಲಲ್ಲಿ ಬದುಕಿದ. ಹೊರಗೆ ಇನ್ನೊಬ್ಬ ಕಾಯುತ್ತಿರಬಹುದೆಂಬ ಅನುಮಾನವೂ ಅವನಿಗಿತ್ತು. ಬೀದಿಯ ತಿರುವಿನಲ್ಲಿ ಬೀಗದಕೈ ತೆಗೆಯದ ದ್ವಿಚಕ್ರ ವಾಹನವೊಂದು ನಿಂತಿತ್ತೆಂದು ಮಹಜರಿನಲ್ಲಿದೆ. "ಬಿಡಣ್ಣ" ಎಂಬ ಮೊದಲ ದನಿಯ ಬಗ್ಗೆಯಂತೂ ಪ್ರತಿವಾದದ ಮಾತು ಸರಿಯೇ. ಸಿಕ್ಕಿಬಿದ್ದ ಕಳ್ಳ ಬೇಡಿಕೊಳ್ಳುತ್ತಾನೆ, ಬಿಟ್ಟರೆ ಮತ್ತೆ ಎರಗಬಹುದು ಎಂಬ ಭಯವನ್ನು ಸಕಾರಣವಲ್ಲ ಎನ್ನಲಾಗದು.

ಒಂದು ಹೋಲಿಕೆ ನನ್ನನ್ನು ಕಾಡುತ್ತದೆ. ಅದೇ ಮನೆಯಲ್ಲಿ, ಅದೇ ರಾತ್ರಿ, ಪೈಲ್ವಾನನ ಬದಲು ಒಬ್ಬ ದರ್ಜಿ ಇದ್ದಿದ್ದರೆ, ಗಾಬರಿಯಲ್ಲಿ ಕೈಗೆ ಸಿಕ್ಕ ಒನಕೆಯನ್ನೋ ಗುದ್ದಲಿಯನ್ನೋ ಬೀಸಿ ಒಂದೇ ಏಟಿಗೆ ತಲೆ ಒಡೆದಿದ್ದರೆ, 41ನೇ ಕಲಂ ಅವನನ್ನು ಬಹುಮಟ್ಟಿಗೆ ಕಾಪಾಡುತ್ತಿತ್ತು. ಆಯುಧ ಮುಟ್ಟದೆ, ಹೊಡೆಯದೆ, ಹಿಡಿದಷ್ಟೇ ಇಟ್ಟುಕೊಂಡವನು ಕಟಕಟೆಯಲ್ಲಿ ನಿಂತಿದ್ದಾನೆ, ಏಕೆಂದರೆ ಹಿಡಿತಕ್ಕೆ ಅವಧಿಯಿದೆ, ಏಟಿಗೆ ಇಲ್ಲ. ಒಂದು ಕ್ಷಣದಲ್ಲಿ ಮುಗಿಯುವ ಬಲಪ್ರಯೋಗವನ್ನು ಕಾನೂನು ಒಂದು ಕ್ಷಣವೆಂದೇ ನೋಡುತ್ತದೆ. ಮೂರು ನಿಮಿಷ ನಡೆಯುವುದನ್ನು ಸೆಕೆಂಡುಗಳಾಗಿ ಬಿಡಿಸಿ ಒಂದೊಂದಕ್ಕೂ ಲೆಕ್ಕ ಕೇಳುತ್ತದೆ. ತರಬೇತಿ ಪಡೆದವನ ಬಲಪ್ರಯೋಗ ಸಾಮಾನ್ಯವಾಗಿ ಈ ಎರಡನೆಯ ಬಗೆಯದೇ ಆಗಿರುತ್ತದೆ.

ನನ್ನ ತೀರ್ಮಾನ, ಮತ್ತು ಉಳಿದ ಒಂದು ಚಲನೆ

ಕೊಲೆಯ ಆಪಾದನೆ ನಿಲ್ಲುವುದಿಲ್ಲ ಎಂಬ ಬಗ್ಗೆ ಚರ್ಚೆಯಲ್ಲಿದ್ದ ಯಾರಿಗೂ ಅನುಮಾನವಿರಲಿಲ್ಲ. ಕೊಲೆಯನ್ನು ವ್ಯಾಖ್ಯಾನಿಸುವ 101ನೇ ಕಲಮಿನ ಎರಡನೆಯ ಅಪವಾದ ಇಂಥದ್ದಕ್ಕೆಂದೇ ಇದೆ: ಖಾಸಗಿ ರಕ್ಷಣೆಯ ಹಕ್ಕನ್ನು ಸದ್ಭಾವನೆಯಿಂದ ಚಲಾಯಿಸುತ್ತಾ, ಪೂರ್ವಯೋಜನೆಯಿಲ್ಲದೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿಲ್ಲದೆ ಎಲ್ಲೆ ಮೀರಿದವನದು ಕೊಲೆಯಲ್ಲ, ದಂಡನೀಯ ನರಹತ್ಯೆ ಮಾತ್ರ. ಆಮೇಲೆ ಉಳಿಯುವುದು ಅದರ ಶಿಕ್ಷೆ ಹೇಳುವ 105ನೇ ಕಲಮಿನ ಯಾವ ಭಾಗ ಎಂಬ ಪ್ರಶ್ನೆ. ಸಾಯಿಸುವ ಅಥವಾ ಸಾಯುವಂಥ ಗಾಯ ಮಾಡುವ ಉದ್ದೇಶವಿದ್ದರೆ ಜೀವಾವಧಿ, ಇಲ್ಲವೇ ಐದರಿಂದ ಹತ್ತು ವರ್ಷದ ಸಜೆ. ಸಾವು ಸಂಭವಿಸಬಹುದೆಂಬ ಬರಿಯ ಅರಿವು ಇದ್ದರೆ ಹತ್ತು ವರ್ಷದವರೆಗೆ, ಕನಿಷ್ಠದ ಕಟ್ಟಿಲ್ಲದೆ. ಎರಡನೆಯ ಭಾಗ, ಅದರಲ್ಲೂ ಕಡಿಮೆ ಅವಧಿಯ ಸಜೆ ಎಂಬುದು ನನ್ನ ನಿಲುವು. ಸುತ್ತ ಕೂತವರಲ್ಲಿ ಅರ್ಧದಷ್ಟು ಮಂದಿ 17ನೇ ಕಲಮಿನಡಿ ಪೂರ್ಣ ಖುಲಾಸೆಗೆ ಪಟ್ಟು ಹಿಡಿದರು. ಅವರ ವಾದವನ್ನು ಮುರಿಯಲು ನನ್ನಲ್ಲಿದ್ದದ್ದು ಆ 48 ಸೆಕೆಂಡು ಮಾತ್ರ.

ಅವರ ಕೈಯಲ್ಲಿ ಇದ್ದದ್ದು ಕೊನೆಯ ಚಲನೆ. ಅಲ್ಲಾಡುತ್ತಿಲ್ಲ ಎಂದು ಹೆಂಡತಿ ಹೇಳಿದೊಡನೆ ಪೈಲ್ವಾನ ಅವನನ್ನು ಮಗುಚಿ ಅಂಗಾತ ಮಾಡಿದ. ಸೋತ ಎದುರಾಳಿಯನ್ನು ಚಿತ್ ಮಾಡಿ ಕುಸ್ತಿ ಮುಗಿಸಿದ, ಕೊನೆಯವರೆಗೂ ಅವನ ತಲೆಯಲ್ಲಿ ಗೆಲುವೇ ಇತ್ತು ಎಂದು ಪ್ರಾಸಿಕ್ಯೂಷನ್ ಹೇಳಬಹುದು. ಉಸಿರಾಡಲೆಂದು ತಿರುಗಿಸಿದ, ಅಪಾಯ ಮುಗಿದಿದೆ ಎಂದು ತಿಳಿದ ಕ್ಷಣವೇ ಬಿಟ್ಟ, ಆದ್ದರಿಂದ ಅಲ್ಲಿಯವರೆಗೆ ತಿಳಿದಿರಲಿಲ್ಲ ಎಂದು ಪ್ರತಿವಾದ ಹೇಳಬಹುದು. ಮನೆಯವರನ್ನು ಬಿಟ್ಟರೆ ಕಣ್ಣಾರೆ ಕಂಡವರು ಪಕ್ಕದ ಮನೆಯ ಹಿರಿಯರೊಬ್ಬರೇ. ಮಗುಚಿದ ಮೇಲೆ ಪೈಲ್ವಾನ ಮೊದಲು ನೋಡಿದ್ದು ಬಿದ್ದವನ ಮುಖವನ್ನೋ ಅಥವಾ ತನ್ನ ತಾಯಿಯತ್ತಲೋ ಎಂದು ಅವರನ್ನು ಕೇಳಲು ತನಿಖೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.